ಊರಿನ ಹುಲ್ಲು ಸವೆದಾಗ: ಅನಿಮಲ್ ಕ್ರಾಸಿಂಗ್ ಆಟಗಾರರಿಗೊಂದು ಮಾರ್ಗದರ್ಶಿ

ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮ್ಯೂಸಿಯಂಗೆ, ಅಲ್ಲಿಂದ ನದಿದಂಡೆಗೆ. ಅನಿಮಲ್ ಕ್ರಾಸಿಂಗ್ ಎಂಬ ವಿಡಿಯೊ ಗೇಮ್‌ನ ಊರಿನಲ್ಲಿ ಕೆಲವು ವಾರ ಹೀಗೆ ಓಡಾಡಿದರೆ ಸಾಕು, ಹಸಿರು ನೆಲದ ಮೇಲೆ ಕಂದು ಬಣ್ಣದ ಜಾಡೊಂದು ಮೂಡುತ್ತದೆ. ಮೊದಮೊದಲು ಅದು ಮುದ್ದಾಗಿಯೇ ಕಾಣುತ್ತದೆ, ಊರಿಗೊಂದು ಕಾಲುದಾರಿ ಬಂತಲ್ಲ ಎಂದು. ಆಮೇಲೆ ಜಾಡು ಅಗಲವಾಗುತ್ತದೆ, ಕವಲೊಡೆಯುತ್ತದೆ, ಸೇತುವೆಯ ಬಾಯಲ್ಲಿ ದೊಡ್ಡ ಮಚ್ಚೆಯಾಗಿ ಹರಡಿಕೊಳ್ಳುತ್ತದೆ. ಒಂದು ದಿನ ಆಟ ಶುರುಮಾಡಿ ನೋಡಿದರೆ ಅರ್ಧ ಊರು ಬೋಳು.

ಇದು ಆಟದ ದೋಷವಲ್ಲ, ಬೇಕೆಂದೇ ಇಟ್ಟ ವ್ಯವಸ್ಥೆ. ನಿಂಟೆಂಡೊ ವೀ ಯಂತ್ರಕ್ಕೆ 2008ರಲ್ಲಿ ಬಂದ 'ಸಿಟಿ ಫೋಕ್'ನಲ್ಲಿ (ಯೂರೋಪಿನಲ್ಲಿ ಇದರ ಹೆಸರು 'ಲೆಟ್ಸ್ ಗೋ ಟು ದ ಸಿಟಿ') ಇದರ ಕಾಟ ಅತಿ ಹೆಚ್ಚು. 2012ರಲ್ಲಿ ಜಪಾನಿನಲ್ಲಿ, ಮರುವರ್ಷ ಬೇರೆ ದೇಶಗಳಲ್ಲಿ ಕೈಯಲ್ಲಿ ಹಿಡಿದು ಆಡುವ ಯಂತ್ರ ತ್ರೀಡಿಎಸ್‌ಗೆ ಬಿಡುಗಡೆಯಾದ 'ನ್ಯೂ ಲೀಫ್'ನಲ್ಲಿ ಸವೆತ ಉಳಿದುಕೊಂಡಿತು, ಆದರೆ ಬಹಳ ನಿಧಾನವಾಯಿತು. 2020ರ 'ನ್ಯೂ ಹೊರೈಜನ್ಸ್'ನಲ್ಲಿ ಅದನ್ನು ತೆಗೆದೇಹಾಕಿದರು. ಹಾಗಾಗಿ ಈ ಬರಹ ಮೊದಲು ಹೇಳಿದ ಎರಡು ಆಟಗಳನ್ನು ಈಗಲೂ ಆಡುತ್ತಿರುವವರಿಗೆ, ಅಥವಾ ಹಳೆಯ ಯಂತ್ರ ಹೊರತೆಗೆದು ಮತ್ತೆ ಶುರುಮಾಡಿದವರಿಗೆ.

ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ಊರಿಡೀ ಹಸಿರಾಗಿಯೇ ಇರಬೇಕೆಂದು ಹಟ ಹಿಡಿದರೆ ಆಟದ ಖುಷಿಯೇ ಹೋಗುತ್ತದೆ. ಎಲ್ಲಿ ಸವೆಯಲಿ, ಎಲ್ಲಿ ಸವೆಯಬಾರದು ಎಂಬುದನ್ನು ನೀವೇ ತೀರ್ಮಾನಿಸಿ, ಉಳಿದ ಕೆಲಸವನ್ನು ಆ ತೀರ್ಮಾನದ ಸುತ್ತ ಮಾಡಿ. ಕೆಳಗಿನ ಹಂತಗಳೆಲ್ಲ ಇದನ್ನೇ ಸಾಧಿಸಲು.

ಸವೆತದ ಲೆಕ್ಕ ಹೇಗೆ

ಆಟ ನಿಮ್ಮ ಊರಿನ ನೆಲವನ್ನು ಸಣ್ಣ ಸಣ್ಣ ಚೌಕಗಳಾಗಿ ನೋಡುತ್ತದೆ. ಒಂದು ಎಕರೆ ಎಂದರೆ 16×16 ಚೌಕ. ನೀವು ಚೌಕವೊಂದನ್ನು ತುಳಿದಷ್ಟೂ ಅಲ್ಲಿಯ ಹುಲ್ಲು ತುಸು ತುಸುವೇ ತೆಳುವಾಗುತ್ತದೆ. ಮೊದಲು ಮಣ್ಣಿನ ಚುಕ್ಕೆಗಳು ಕಾಣುತ್ತವೆ, ಆಮೇಲೆ ಅವು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಕೊನೆಗೆ ಬರೀ ಮಣ್ಣು ಉಳಿಯುತ್ತದೆ. ಸಿಟಿ ಫೋಕ್‌ನಲ್ಲಿ ನಡೆದರೂ ಸವೆಯುತ್ತದೆ, ಓಡಿದರೆ ಇನ್ನೂ ಬೇಗ. ನ್ಯೂ ಲೀಫ್‌ನಲ್ಲಿ ನಡಿಗೆಗೆ ಹೆದರಬೇಕಿಲ್ಲ, ಹುಲ್ಲು ತಿನ್ನುವುದು ಓಟ.

ಹುಲ್ಲು ಮತ್ತೆ ಬೆಳೆಯುತ್ತದೆ, ಆದರೆ ದಿನಕ್ಕೆ ಕಣ್ಣಿಗೆ ಕಾಣದಷ್ಟೇ. ನಿನ್ನೆಗೂ ಇವತ್ತಿಗೂ ವ್ಯತ್ಯಾಸ ಹುಡುಕುತ್ತ ಕೂತರೆ ನಿರಾಸೆಯೇ ಗತಿ. ಒಂದು ಚೌಕ ದಿನಕ್ಕೆ ಎಷ್ಟು ಚೇತರಿಸಿಕೊಳ್ಳುತ್ತದೋ ಅದಕ್ಕಿಂತ ಹೆಚ್ಚು ನೀವು ತುಳಿದರೆ ಅದು ಬೋಳಾಗುವುದು ಖಚಿತ, ಕಡಿಮೆ ತುಳಿದರೆ ಉಳಿಯುವುದು ಖಚಿತ. ಅಂದರೆ ವಾರಕ್ಕೊಮ್ಮೆ ದಾಟುವ ಮೂಲೆಯ ಬಗ್ಗೆ ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ. ದಿನಕ್ಕೆ ಹತ್ತಾರು ಸಲ ದಾಟುವ ನಾಲ್ಕೈದು ಪಟ್ಟಿಗಳೇ ಅಸಲಿ ಸಮಸ್ಯೆ.

ಸವೆಯದ ಜಾಗಗಳನ್ನೂ ನೆನಪಿಡಿ: ಸಮುದ್ರತೀರದ ಮರಳು, ಸೇತುವೆಯ ಮೇಲ್ಮೈ, ಕಲ್ಲು ಹಾಸಿದ ನೆಲ. ಇವು ಎಷ್ಟು ಓಡಿದರೂ ಖರ್ಚಾಗದ ರಸ್ತೆಗಳು.

ಇನ್ನೊಂದು ಭಯವನ್ನು ಇಲ್ಲಿಯೇ ಕಳೆದುಬಿಡೋಣ. ಊರಿನ ಪರಿಸರ ಹೇಗಿದೆ ಎಂದು ಪುರಭವನದಲ್ಲಿ ಕೇಳಿದಾಗ (ನ್ಯೂ ಲೀಫ್‌ನಲ್ಲಾದರೆ ಮೇಯರ್ ಆದ ನಿಮಗೆ ಸಹಾಯಕಿಯಾಗಿರುವ ಇಸಬೆಲ್ ಹತ್ತಿರ) ಸಿಗುವ ಉತ್ತರ ಮರಗಳು, ಹೂಗಳು, ಕಳೆ, ಬಿದ್ದಿರುವ ಕಸ ಇವುಗಳ ಮೇಲೆ ನಿಂತಿದೆ. ಬೋಳು ನೆಲಕ್ಕೆ ಅಲ್ಲಿ ಅಂಕ ಕಡಿತವಿಲ್ಲ. ಮಣ್ಣಿನ ದಾರಿಗಳಿದ್ದೂ ಊರು 'ಪರಿಪೂರ್ಣ' ಎನಿಸಿಕೊಳ್ಳಬಹುದು. ಆದ್ದರಿಂದ ಇದು ಬರೀ ಅಂದದ ಪ್ರಶ್ನೆ, ನಿಮ್ಮ ಕಣ್ಣಿಗೆ ಒಪ್ಪಿದರೆ ಮುಗಿಯಿತು.

ಹಂತ 1: ನಿಮ್ಮ ಕಾಲು ಎಲ್ಲಿ ಹೋಗುತ್ತದೆಂದು ನೋಡಿ

ಒಂದು ಹಾಳೆಯ ಮೇಲೆ ಊರಿನ ನಕ್ಷೆ ಬಿಡಿಸಿಕೊಳ್ಳಿ. ಚೆಂದ ಬೇಕಿಲ್ಲ. ನದಿ, ಸೇತುವೆಗಳು, ನಿಮ್ಮ ಮನೆ, ಅಂಗಡಿ, ಮ್ಯೂಸಿಯಂ, ಊರಬಾಗಿಲು ಅಥವಾ ರೈಲು ನಿಲ್ದಾಣ, ಇಷ್ಟಿದ್ದರೆ ಸಾಕು. ಈಗ ಎಂದಿನಂತೆಯೇ ಒಂದು ದಿನದ ಆಟ ಆಡಿ, ಆಡುತ್ತ ನಡೆದ ದಾರಿಯನ್ನು ಪೆನ್ಸಿಲಿನಲ್ಲಿ ಎಳೆಯುತ್ತ ಹೋಗಿ. ಪಳೆಯುಳಿಕೆ ಹುಡುಕಲು ಊರು ಸುತ್ತಿದ್ದು, ಬಡಿದರೆ ದುಡ್ಡು ಉದುರುವ ಬಂಡೆ ಯಾವುದೆಂದು ಒಂದೊಂದನ್ನೂ ಬಡಿದು ನೋಡಿದ್ದು, ಚೀಲ ತುಂಬಿತೆಂದು ಅಂಗಡಿಗೆ ಓಡಿದ್ದು, ಮತ್ತೆ ಹೊರಟಿದ್ದು. ಮೂರ್ನಾಲ್ಕು ದಿನ ಹೀಗೆ ಮಾಡಿದರೆ ಹಾಳೆಯ ಮೇಲೆ ಗೆರೆಗಳು ದಟ್ಟವಾಗುವ ಜಾಗಗಳು ತಾವಾಗಿ ಎದ್ದು ಕಾಣುತ್ತವೆ.

ಬಹುತೇಕ ಎಲ್ಲ ಊರುಗಳಲ್ಲೂ ಈ ಗೆರೆಗಳು ಸೇರುವುದು ಸೇತುವೆಯ ಎರಡು ತುದಿಗಳಲ್ಲಿ. ನದಿ ದಾಟಲು ಬೇರೆ ದಾರಿಯಿಲ್ಲದ ಕಾರಣ ಊರಿನ ಓಡಾಟವೆಲ್ಲ ಆ ಕೆಲವೇ ಚೌಕಗಳ ಮೇಲೆ ಬೀಳುತ್ತದೆ. ಆಮೇಲೆ ಅಂಗಡಿಯ ಬಾಗಿಲು, ಆಮೇಲೆ ನಿಮ್ಮ ಮನೆಯ ಮುಂದು.

ನ್ಯೂ ಲೀಫ್‌ನಲ್ಲಿ ಇನ್ನೊಂದು ಕುಖ್ಯಾತ ಪಟ್ಟಿಯಿದೆ: ದ್ವೀಪಕ್ಕೆ ಹೋಗುವ ದೋಣಿಕಟ್ಟೆಯಿಂದ ರೀ-ಟೇಲ್ ಅಂಗಡಿಯವರೆಗಿನ ದಾರಿ. ದ್ವೀಪದಲ್ಲಿ ರಾತ್ರಿ ಹಿಡಿದ ದುಬಾರಿ ಜೀರುಂಡೆಗಳು ದೋಣಿಕಟ್ಟೆಯ ಪೆಟ್ಟಿಗೆಗೆ ಬಂದು ಬೀಳುತ್ತವೆ, ಅವನ್ನು ಚೀಲಕ್ಕೆ ತುಂಬಿಕೊಂಡು ಮಾರಲು ಓಡಬೇಕು, ಪೆಟ್ಟಿಗೆ ಖಾಲಿಯಾಗುವವರೆಗೆ ಅದೇ ದಾರಿ ಹಿಂದಕ್ಕೂ ಮುಂದಕ್ಕೂ. ಮನೆಯ ಸಾಲ ತೀರಿಸುವ ಆತುರದಲ್ಲಿರುವ ಹೊಸ ಮೇಯರ್‌ಗಳ ಊರಿನಲ್ಲಿ ಮೊದಲು ಕಂದುವುದು ಇದೇ ಪಟ್ಟಿ. ದಾರಿ ಕಟ್ಟುವುದಿದ್ದರೆ ಮೊದಲು ಇಲ್ಲಿಂದಲೇ ಕಟ್ಟಿ.

ಹಂತ 2: ದಾರಿ ಹಾಸಿ

ಇದು ಈ ಇಡೀ ಬರಹದ ಮುಖ್ಯ ಭಾಗ, ಸ್ವಲ್ಪ ನಿಧಾನವಾಗಿ ಓದಿ.

ಎರಡೂ ಆಟಗಳಲ್ಲಿ ನೀವು ಬಿಡಿಸಿದ ವಿನ್ಯಾಸವನ್ನು, ಅಂದರೆ ಪ್ಯಾಟರ್ನನ್ನು, ನೆಲಕ್ಕೆ ಹಾಸಬಹುದು. ಪ್ಯಾಟರ್ನ್ ಮೇಲೆ ಬಿದ್ದ ಹೆಜ್ಜೆ ಅಡಿಯ ಹುಲ್ಲನ್ನು ತಿನ್ನುವುದಿಲ್ಲ. ಕಲ್ಲುಹಾಸು, ಮರದ ಹಲಗೆ, ಇಟ್ಟಿಗೆ, ಒಣಎಲೆ ಬಿದ್ದ ಕಾಲುದಾರಿ, ನಿಮಗಿಷ್ಟವಾದದ್ದನ್ನು 32×32 ಚುಕ್ಕೆಗಳ ಹಲಗೆಯಲ್ಲಿ ಬಿಡಿಸಿಕೊಳ್ಳಿ. ಚಿತ್ರಕಲೆ ಬಾರದಿದ್ದರೂ ಚಿಂತೆಯಿಲ್ಲ. ಒಂದೇ ಬಣ್ಣದ ನಾಲ್ಕೈದು ಛಾಯೆಗಳನ್ನು ಅಡ್ಡಾದಿಡ್ಡಿ ಚೆಲ್ಲಿದರೆ ಮಣ್ಣಿನ ದಾರಿ ತಯಾರು. ನ್ಯೂ ಲೀಫ್‌ನಲ್ಲಿ ಬೇರೆಯವರು ಬಿಡಿಸಿದ್ದನ್ನು ಕ್ಯೂಆರ್ ಕೋಡ್ ಮೂಲಕ ತಂದುಕೊಳ್ಳಬಹುದು. ಅದಕ್ಕೆ ಏಬಲ್ ಸಿಸ್ಟರ್ಸ್ ಅಂಗಡಿಯ ಹೊಲಿಗೆ ಯಂತ್ರ ಬೇಕು, ಆ ಯಂತ್ರ ಸಿಗಬೇಕಾದರೆ ಮೂಲೆಯಲ್ಲಿ ಕೂತು ಹೊಲಿಯುವ ಸೇಬಲ್ ಜೊತೆ ಹಲವು ದಿನ ಮಾತಾಡುತ್ತಾ ಹೋಗಬೇಕು. ಅವಳ ಸಂಕೋಚ ಕರಗಲು ಸಮಯ ಹಿಡಿಯುತ್ತದೆ, ಆತುರ ಮಾಡಿ ಪ್ರಯೋಜನವಿಲ್ಲ.

ಈಗ ಅಗಲದ ವಿಚಾರ. ಒಂದೇ ಚೌಕ ಅಗಲದ ದಾರಿ ನೋಡಲು ನಾಜೂಕು, ಬಳಸಲು ಕಷ್ಟ. ಓಡುವಾಗ ಕಾಲು ಅಕ್ಕಪಕ್ಕದ ಹುಲ್ಲಿಗೆ ಜಾರುತ್ತಲೇ ಇರುತ್ತದೆ, ಕೊನೆಗೆ ದಾರಿಯ ಎರಡೂ ಬದಿಗೆ ಮಣ್ಣಿನ ಅಂಚು ಹುಟ್ಟಿಕೊಳ್ಳುತ್ತದೆ. ಮುಖ್ಯ ದಾರಿಗಳಿಗೆ ಎರಡು ಚೌಕ ಅಗಲ ಕೊಡಿ. ಓಡಾಟ ಕಡಿಮೆಯಿರುವ ಕಡೆ, ಹೂತೋಟದ ನಡುವೆ, ಒಂದು ಚೌಕ ಸಾಕು.

ತಿರುವುಗಳಲ್ಲಿ ಬಹುಪಾಲು ಆಟಗಾರರು ಎಡವುತ್ತಾರೆ. ನಕ್ಷೆಯ ಮೇಲೆ ದಾರಿ ನೇರವಾಗಿ ಹೋಗಿ ಲಂಬವಾಗಿ ತಿರುಗುವುದು ಸೊಗಸು. ಆದರೆ ಆಡುವಾಗ ಯಾರೂ ಲಂಬವಾಗಿ ತಿರುಗುವುದಿಲ್ಲ, ಮೂಲೆ ಕತ್ತರಿಸಿಕೊಂಡು ಓರೆಯಾಗಿ ಓಡುತ್ತೇವೆ. ಆ ಕತ್ತರಿಸಿದ ಮೂಲೆಯೇ ಮೊದಲು ಬೋಳಾಗುವುದು. ಹಾಗಾಗಿ ತಿರುವಿನ ಒಳಮೈಗೆ ಒಂದೆರಡು ಹೆಚ್ಚುವರಿ ಚೌಕ ಹಾಸಿ ದುಂಡಗೆ ಮಾಡಿ. ಇಲ್ಲವೇ ಆ ಒಳಮೂಲೆಯಲ್ಲಿ ಒಂದು ಮರ ನೆಡಿ, ಆಗ ಓರೆಯಾಗಿ ಓಡಲು ಆಗುವುದೇ ಇಲ್ಲ. ಮರದ ಉಪಾಯ ನನಗೆ ಹೆಚ್ಚು ಇಷ್ಟ, ನೆರಳಿಗೆ ನೆರಳೂ ಆಯಿತು, ದಾರಿಗೊಂದು ಗುರುತೂ ಆಯಿತು.

ಸೇತುವೆಯ ತುದಿಗಳಲ್ಲಿ ದಾರಿಯನ್ನು ಬೀಸಣಿಗೆಯಂತೆ ಅಗಲಿಸಿ. ಸೇತುವೆಯಿಂದ ಇಳಿದವರು ಯಾವ ಕಡೆಗಾದರೂ ತಿರುಗಬಹುದು, ಅಲ್ಲಿ ಎರಡು ಚೌಕ ಸಾಲುವುದಿಲ್ಲ.

ಸ್ಲಾಟುಗಳ, ಅಂದರೆ ಪ್ಯಾಟರ್ನ್ ಇಟ್ಟುಕೊಳ್ಳುವ ಖಾನೆಗಳ, ಲೆಕ್ಕ ಮರೆಯಬೇಡಿ. ಸಿಟಿ ಫೋಕ್‌ನಲ್ಲಿ ಒಬ್ಬ ಪಾತ್ರಕ್ಕೆ 8 ಪ್ಯಾಟರ್ನ್, ನ್ಯೂ ಲೀಫ್‌ನಲ್ಲಿ 10. ನೆಲದ ಮೇಲಿನ ದಾರಿ ಆ ಸ್ಲಾಟಿಗೆ ಕಟ್ಟಿಕೊಂಡಿರುತ್ತದೆ. ಕಲ್ಲುಹಾಸು ಇರುವ ಸ್ಲಾಟಿನಲ್ಲಿ ಹೊಸ ಅಂಗಿಯ ಚಿತ್ತಾರ ಬಿಡಿಸಿದರೆ ಊರಿನ ರಸ್ತೆಗಳೆಲ್ಲ ಒಮ್ಮೆಗೇ ಅಂಗಿಯ ಚಿತ್ತಾರ ತೊಟ್ಟು ನಿಲ್ಲುತ್ತವೆ. ತಮಾಷೆಯಾಗಿ ಕಂಡರೂ ಮೂಲ ಚಿತ್ರ ಅಳಿಸಿಹೋಗಿರುತ್ತದೆ. ದಾರಿಯ ಅಂಚು, ತಿರುವು, ತುದಿ ಎಂದು ಬೇರೆ ಬೇರೆ ತುಂಡುಗಳನ್ನು ಬಳಸುವ ಆಸೆಯಿದ್ದರೆ ಒಂದು ಪಾತ್ರದ ಸ್ಲಾಟುಗಳು ಸಾಲವು. ಒಂದು ಊರಿನಲ್ಲಿ ನಾಲ್ಕು ಜನ ಆಟಗಾರರು ನೆಲೆಸಬಹುದು, ಆದ್ದರಿಂದ ಎರಡನೆಯ ಪಾತ್ರವೊಂದನ್ನು ಸೃಷ್ಟಿಸಿ ದಾರಿ ಹಾಸುವ ಕೆಲಸವನ್ನೇ ಅದಕ್ಕೆ ವಹಿಸಿ. ಅದರ ಸ್ಲಾಟುಗಳೆಲ್ಲ ರಸ್ತೆಗೆ, ನಿಮ್ಮವು ಬಟ್ಟೆಬರೆಗೆ. ಮನೆಗೆ ಸ್ವಲ್ಪ ಜಾಗ ಹೋಗುತ್ತದೆ ಎನ್ನುವುದು ಬಿಟ್ಟರೆ ಇದರಲ್ಲಿ ನಷ್ಟವಿಲ್ಲ.

ಎರಡು ಎಚ್ಚರಿಕೆ. ನ್ಯೂ ಲೀಫ್‌ನಲ್ಲಿ ದಾರಿಯ ಮೇಲೆ ನಿಂತು ವಸ್ತು ಎತ್ತುವ ಬಟನ್ ಒತ್ತಿದರೆ ಕಾಲಡಿಯ ತುಂಡು ಎದ್ದುಬಿಡುತ್ತದೆ. ಹಣ್ಣು ಉದುರಿಸಿ ಆರಿಸಿಕೊಳ್ಳುವ ಮರಗಳ ಬುಡಕ್ಕೆ ದಾರಿ ತಾಗದಂತೆ ನೋಡಿಕೊಂಡರೆ ಈ ಕಿರಿಕಿರಿ ಅರ್ಧ ಕಡಿಮೆ. ಎರಡನೆಯದು, ಪ್ಯಾಟರ್ನ್ ಹಾಸಿದ ಚೌಕದಲ್ಲಿ ಹೊಸ ಹೂ ಹುಟ್ಟುವುದಿಲ್ಲ. ಮಿಶ್ರತಳಿ ಹೂ ಬೆಳೆಸುವ ಹಾಸಿಗೆಯ ಪಕ್ಕ ಒಂದೆರಡು ಖಾಲಿ ಚೌಕ ಬಿಟ್ಟು ದಾರಿ ಹಾಸಿ.

ಹಂತ 3: ಅಥವಾ ಮಣ್ಣನ್ನೇ ದಾರಿ ಮಾಡಿ

ಪ್ಯಾಟರ್ನ್ ಹಾಸಿದ ಊರು ಅಚ್ಚುಕಟ್ಟು, ನಿಜ. ಕೆಲವರಿಗೆ ಅದು ಅಂಗಳಕ್ಕೆ ಟೈಲ್ಸ್ ಹಾಕಿದಂತೆ ಕಾಣುತ್ತದೆ. ಅಂಥವರಿಗೆ ಸವೆತವೇ ಉಪಕರಣ. ಎಲ್ಲಿ ದಾರಿ ಬೇಕೋ ಅಲ್ಲಿ ಬೇಕೆಂದೇ ಓಡಿ, ಹಿಂದೆ ಮುಂದೆ, ಹಿಂದೆ ಮುಂದೆ, ಮಣ್ಣು ಕಾಣುವವರೆಗೆ. ಸಿಟಿ ಫೋಕ್‌ನಲ್ಲಿ ಇದು ಬೇಗ ಆಗುತ್ತದೆ. ನ್ಯೂ ಲೀಫ್‌ನಲ್ಲಿ ತಾಳ್ಮೆ ಬೇಕು.

ಹೀಗೆ ಹುಟ್ಟಿದ ಕಾಲುದಾರಿಗೆ ಕೈಯಿಂದ ಬಿಡಿಸಿದ ಯಾವ ಪ್ಯಾಟರ್ನಿಗೂ ಇಲ್ಲದ ಒಂದು ಸಹಜತೆ ಇರುತ್ತದೆ. ಅಂಚುಗಳು ನಯವಾಗಿ ಹುಲ್ಲಿನೊಳಗೆ ಕರಗುತ್ತವೆ, ತಿರುವುಗಳು ಕಾಲಿನ ಅಭ್ಯಾಸಕ್ಕೆ ತಕ್ಕಂತೆ ಬಾಗಿರುತ್ತವೆ. ಇಕ್ಕೆಲಗಳನ್ನು ಕಾಯದಿದ್ದರೆ ಮಾತ್ರ ದಾರಿ ದಿನೇದಿನೇ ದಪ್ಪವಾಗುತ್ತದೆ. ಬೇಕಾದ ಅಗಲ ಬಂದ ಕೂಡಲೇ ಎರಡೂ ಬದಿಗೆ ಹೂಗಳ ಸಾಲು ಹಚ್ಚಿ. ಓಡುತ್ತ ನುಗ್ಗಿದರೆ ಹೂ ಉದುರಿ ಹಾಳಾಗುತ್ತದೆ ಎಂಬ ಭಯಕ್ಕೆ ಕಾಲು ತಾನಾಗಿ ದಾರಿಯ ನಡುವೆ ಉಳಿಯುತ್ತದೆ. ನ್ಯೂ ಲೀಫ್‌ನಲ್ಲಿ ಪೊದೆಗಳೂ ಸಿಗುತ್ತವೆ, ಅವುಗಳ ಮೂಲಕ ಹಾದುಹೋಗಲು ಆಗುವುದೇ ಇಲ್ಲ, ಬೇಲಿಗೆ ಅದಕ್ಕಿಂತ ಒಳ್ಳೆಯದು ಬೇರಿಲ್ಲ.

ಈ ಹಾದಿ ಹಿಡಿದವರು ಕೆಲವು ವಾರ ಆಟ ಬಿಟ್ಟರೆ ದಾರಿ ಮೆಲ್ಲಗೆ ಹಸಿರಾಗತೊಡಗುತ್ತದೆ. ಅದಕ್ಕೆ ಮದ್ದು ಮತ್ತೆ ಓಡುವುದೇ.

ಹಂತ 4: ಬೋಳಾದ ಜಾಗಕ್ಕೆ ವಿಶ್ರಾಂತಿ ಕೊಡಿ

ದಾರಿ ಗೊತ್ತಾದ ಮೇಲೆ ಉಳಿದ ನೆಲ ಚೇತರಿಸಿಕೊಳ್ಳಬೇಕು. ಇದಕ್ಕೆ ಬೇಕಿರುವುದು ನೀವು ಅಲ್ಲಿಗೆ ಹೋಗದಿರುವುದು, ಅಷ್ಟೇ. ಹೇಳಲು ಸುಲಭ, ಹಳೆಯ ಅಭ್ಯಾಸ ಕಾಲನ್ನು ಅಲ್ಲಿಗೇ ಎಳೆಯುತ್ತದೆ. ಅಡ್ಡಿ ಹಾಕಿದರೆ ಮಾತ್ರ ಕಾಲು ಮಾತು ಕೇಳುತ್ತದೆ.

ತಕ್ಷಣದ ಅಡ್ಡಿ ಬೇಕಿದ್ದರೆ ಗುದ್ದಲಿಯಿಂದ ಗುಂಡಿ ತೋಡಿ. ಹಳೆಯ ಜಾಡು ಶುರುವಾಗುವ ಕಡೆ ಎರಡು ಮೂರು ಗುಂಡಿ ಅಡ್ಡಸಾಲಾಗಿ ತೋಡಿದರೆ ಆ ಕಡೆ ಓಡಿದಾಗಲೆಲ್ಲ ನಿಲ್ಲಬೇಕಾಗುತ್ತದೆ. ನೋಡಲು ಚೆಂದವಿಲ್ಲ, ಖರ್ಚೂ ಇಲ್ಲ. ಹೊಸ ದಾರಿ ರೂಢಿಯಾದ ಮೇಲೆ ಮುಚ್ಚಿಬಿಡಿ.

ಸ್ವಲ್ಪ ದೂರದ ಯೋಚನೆಗೆ ಹೂ ಮತ್ತು ಮರ. ಹೂ, ಮರಗಳ ಸುತ್ತ ಹುಲ್ಲು ಬೇಗ ಚಿಗುರುತ್ತದೆ ಎಂಬುದು ಆಟಗಾರರ ನಡುವೆ ಮೊದಲಿನಿಂದಲೂ ಓಡಾಡುವ ಮಾತು. ಆ ಮಾತು ಬದಿಗಿರಲಿ, ಹೂವಿದ್ದಲ್ಲಿ ನೀವು ಓಡುವುದಿಲ್ಲ, ಮರವಿದ್ದಲ್ಲಿ ಓಡಲಾಗುವುದಿಲ್ಲ, ಹುಲ್ಲಿಗೆ ಅದೇ ದೊಡ್ಡ ಉಪಕಾರ. ಬೋಳು ಜಾಗದಲ್ಲಿ ಹೂಗಳನ್ನು ಚದುರಂಗದ ಮನೆಗಳಂತೆ ಒಂದು ಬಿಟ್ಟು ಒಂದು ನೆಡಿ. ಖಾಲಿ ಚೌಕಗಳಲ್ಲಿ ಹುಲ್ಲೂ ಬರುತ್ತದೆ, ನೀರು ಹಾಕುತ್ತಿದ್ದರೆ ಹೊಸ ಬಣ್ಣದ ಹೂಗಳೂ ಹುಟ್ಟುತ್ತವೆ. ಗುಲಾಬಿ, ಟ್ಯೂಲಿಪ್, ಪ್ಯಾನ್ಸಿ, ಕಾಸ್ಮಾಸ್ ಯಾವುದಾದರೂ ಸರಿ. ಒಂದೇ ಜಾತಿಯ ಎರಡು ಬಣ್ಣ ಪಕ್ಕಪಕ್ಕ ಇಟ್ಟರೆ ಮಿಶ್ರತಳಿಯ ಅವಕಾಶ ಹೆಚ್ಚು.

ನೀರು ಹಾಕುವುದು ಹೂವಿಗಾಗಿ, ಮಣ್ಣಿಗಲ್ಲ. ಬೋಳು ನೆಲದ ಮೇಲೆ ದಿನಾ ನೀರು ಸುರಿದು ಹುಲ್ಲು ಬರಿಸುವ ಪ್ರಯತ್ನ ಕೈನೋವು ತರುವುದೇ ಹೊರತು ಹಸಿರನ್ನಲ್ಲ. ನೀರು ಹಾಕಲು ಹೋಗುವಾಗಲೂ ನಿಧಾನ ನಡೆಯಿರಿ, ಇಲ್ಲದಿದ್ದರೆ ಉಳಿಸಲು ಹೋದ ಜಾಗವನ್ನೇ ತುಳಿದಂತಾಗುತ್ತದೆ. ನ್ಯೂ ಲೀಫ್‌ನ ಮೇಯರ್‌ಗಳಿಗೆ ಇಲ್ಲೊಂದು ಸೌಲಭ್ಯವಿದೆ. ಊರನ್ನು ಸುಂದರವಾಗಿಡುವ ಆಜ್ಞೆ ಹೊರಡಿಸಿದರೆ ಹೂಗಳು ಬಾಡುವುದಿಲ್ಲ, ಕಳೆಯೂ ಕಡಿಮೆ. ದಿನವೂ ಡಬ್ಬಿ ಹಿಡಿದು ತೋಟ ಸುತ್ತುವ ಕೆಲಸ ತಪ್ಪಿದರೆ ಹೆಜ್ಜೆಗಳೂ ತಪ್ಪಿದವು. ಹುಲ್ಲಿನ ಮೇಲೆ ನಿಜವಾದ ಕಾಳಜಿ ಇದ್ದರೆ ಬೇರೆ ಆಜ್ಞೆಗಳ ಆಸೆ ಬಿಟ್ಟು ಇದನ್ನೇ ಹೊರಡಿಸಿ.

ಮರ ನೆಡುವಾಗ ಒತ್ತೊತ್ತಾಗಿ ನೆಡಬೇಡಿ, ಸುತ್ತ ಜಾಗವಿಲ್ಲದ ಸಸಿ ಮೇಲೇಳದೆ ಒಣಗುತ್ತದೆ. ಸಿಟಿ ಫೋಕ್‌ನಲ್ಲಿ ಒಂದು ಎಕರೆಗೆ ಮರ ವಿಪರೀತವಾದರೂ ಊರಿನ ಬಗ್ಗೆ ದೂರು ಬರುತ್ತದೆ.

ನ್ಯೂ ಲೀಫ್‌ನಲ್ಲಿ ಬೆಂಚು, ದೀಪದ ಕಂಬ, ಕಾರಂಜಿಯಂಥ ಸಾರ್ವಜನಿಕ ಕಾಮಗಾರಿಗಳನ್ನೂ ಅಡ್ಡಿಯಾಗಿ ಬಳಸಬಹುದು. ಎಲ್ಲರೂ ಅಡ್ಡ ಹಾಯುವ ಮೈದಾನದ ನಟ್ಟನಡುವೆ ಬೆಂಚೊಂದು ಬಂದು ಕೂತರೆ ಆ ಅಡ್ಡದಾರಿ ಅಲ್ಲಿಗೆ ಮುಗಿಯಿತು. ಆದರೆ ಕಟ್ಟಿದ್ದನ್ನು ಆಮೇಲೆ ಕೆಡವಿದರೆ ಅದರಡಿಯ ನೆಲ ಬೋಳಾಗಿ ಉಳಿದಿರುತ್ತದೆ. ಊರು ಬಿಟ್ಟುಹೋದ ನೆರೆಯ ಪ್ರಾಣಿಯ ಮನೆಯಿದ್ದ ಜಾಗವೂ ಹಾಗೆಯೇ, ಮನೆಯಳತೆಯ ಒಂದು ಮಣ್ಣಿನ ಚೌಕ. ಅಂಥ ಜಾಗ ಕಂಡರೆ ಅಂದೇ ಹೂ ತುಂಬಿಸಿಬಿಡಿ.

ಹಂತ 5: ಕಾಲಿನ ಅಭ್ಯಾಸ ಬದಲಿಸಿ

ಎಲ್ಲವನ್ನೂ ದಾರಿ ಮತ್ತು ಬೇಲಿಯಿಂದ ಸರಿಮಾಡಲಾಗದು. ಓಡುವ ಬಟನ್ ಮೇಲೆ ಹೆಬ್ಬೆರಳು ಸದಾ ಅಂಟಿಕೊಂಡಿರುವ ಚಾಳಿಯನ್ನೂ ಸ್ವಲ್ಪ ಸಡಿಲಿಸಬೇಕು. ನನ್ನ ಪ್ರಕಾರ ಪೂರ್ತಿ ನಡೆದೇ ಆಡಬೇಕು ಎಂಬ ಸಲಹೆ ಯಾರಿಗೂ ಉಪಯೋಗವಿಲ್ಲ, ಎರಡು ದಿನಕ್ಕೆ ಬೇಸರ ಬಂದು ಮೂರನೇ ದಿನ ಮೊದಲಿಗಿಂತ ಜೋರಾಗಿ ಓಡುತ್ತಾರೆ. ದಾರಿಯ ಮೇಲೆ ಓಡಿ, ದಾರಿ ಬಿಟ್ಟು ಇಳಿದಾಗ ನಡೆಯಿರಿ. ಇಷ್ಟು ನಿಯಮ ಪಾಲಿಸಬಹುದಾದದ್ದು.

ಮರಳನ್ನು ಹೆದ್ದಾರಿ ಮಾಡಿಕೊಳ್ಳಿ. ಊರಿನ ಈ ತುದಿಯಿಂದ ಆ ತುದಿಗೆ ಹೋಗಬೇಕಿದ್ದರೆ ಹತ್ತಿರದ ಇಳಿಜಾರಿನಲ್ಲಿ ತೀರಕ್ಕಿಳಿದು ಮರಳಿನ ಮೇಲೆ ಓಡಿ. ಸುತ್ತು ಅನ್ನಿಸಿದರೂ ಚಿಪ್ಪುಗಳು ಸಿಗುತ್ತವೆ, ಸಮುದ್ರದ ಮೀನಿನ ನೆರಳು ಕಾಣುತ್ತದೆ.

ಪಳೆಯುಳಿಕೆ ಮತ್ತು ಬಂಡೆ ಹುಡುಕುವ ದಿನದ ಸುತ್ತನ್ನು ಒಂದೇ ಸುತ್ತಾಗಿ ಮಾಡಿ. ಒಮ್ಮೆ ಪಳೆಯುಳಿಕೆಗೆ, ಇನ್ನೊಮ್ಮೆ ಬಂಡೆಗೆ, ಮತ್ತೊಮ್ಮೆ ಹಣ್ಣಿಗೆ ಎಂದು ಊರನ್ನು ಮೂರು ಸಲ ಸುತ್ತಿದರೆ ಸವೆತವೂ ಮೂರು ಪಾಲು. ಗುದ್ದಲಿ, ಬಲೆ, ಗಾಳ ಮೂರನ್ನೂ ಚೀಲದಲ್ಲಿಟ್ಟುಕೊಂಡು ಹೊರಟರೆ ಮನೆಗೆ ಹಿಂತಿರುಗುವ ಓಟಗಳು ಉಳಿಯುತ್ತವೆ.

ಕೀಟ ಹಿಡಿಯುವಾಗಿನ ಅಟ್ಟಾಟ ಹುಲ್ಲಿಗೆ ಕೆಟ್ಟದ್ದು. ಬೇಸಿಗೆಯ ರಾತ್ರಿ ಕಾಣಿಸಿಕೊಳ್ಳುವ ಚೇಳು ಮತ್ತು ಟರಂಟುಲ ಈ ವಿಷಯದಲ್ಲಿ ಒಳ್ಳೆಯ ಗುರುಗಳು. ಬಲೆ ಹಿಡಿದು ಓಡಿದರೆ ಅವು ಮೇಲೆರಗಿ ಕುಟುಕುತ್ತವೆ, ಮೆಲ್ಲಗೆ ಹೆಜ್ಜೆಯಿಟ್ಟು ನಿಂತು ನಿಂತು ಹೋದವರಿಗೇ ಸಿಗುವುದು. ಚಿಟ್ಟೆಗೂ ಅದೇ ಶಿಸ್ತು ಅನ್ವಯಿಸಿ.

ಚಳಿಗಾಲದಲ್ಲಿ ಹಿಮದ ಉಂಡೆ ಉರುಳಿಸುವಾಗ ಊರಿಡೀ ಸುತ್ತಬೇಡಿ. ಉಂಡೆಗಳು ಎರಡು, ಅವು ಸಿಕ್ಕಿದ ಜಾಗದ ಹತ್ತಿರವೇ ಸಾಕಷ್ಟು ದೊಡ್ಡದಾಗಿಸಿ ಹಿಮಮಾನವನನ್ನು ನಿಲ್ಲಿಸಿ. ಹಿಮ ಮುಚ್ಚಿದೆಯೆಂದು ಮನಬಂದಂತೆ ಓಡಿದವರಿಗೆ ಲೆಕ್ಕ ಸಿಗುವುದು ಹಿಮ ಕರಗಿದ ಮೇಲೆ.

ಹಂತ 6: ಮನೆಯವರು ಮತ್ತು ಅತಿಥಿಗಳು

ಒಂದೇ ಊರನ್ನು ಅಣ್ಣ, ತಂಗಿ, ಗೆಳೆಯ ಎಂದು ನಾಲ್ವರು ಹಂಚಿಕೊಂಡಿದ್ದರೆ ಸವೆತವೂ ನಾಲ್ಕು ಪಟ್ಟು. ಒಬ್ಬರೇ ಎಷ್ಟು ಶಿಸ್ತಿನಿಂದಿದ್ದರೂ ಪ್ರಯೋಜನವಿಲ್ಲ, ದಾರಿ ಎಲ್ಲಿ ಎಂದು ನಾಲ್ವರೂ ಕೂತು ಮಾತಾಡಿಕೊಳ್ಳಬೇಕು. ನಾಲ್ಕು ಮನೆಗಳನ್ನು ಹತ್ತಿರ ಹತ್ತಿರ ಕಟ್ಟಿಕೊಂಡರೆ ನಾಲ್ವರಿಗೂ ಒಂದೇ ಮುಖ್ಯ ದಾರಿ ಸಾಕಾಗುತ್ತದೆ. ನ್ಯೂ ಲೀಫ್‌ನಲ್ಲಿ ಮನೆಯ ಜಾಗ ನೀವೇ ಆರಿಸುವುದರಿಂದ ಇದು ಸುಲಭ.

ಹೊರಗಿನ ಅತಿಥಿಗಳ ಕಾಟ ಈಗ ಕಡಿಮೆ. ವೀಯ ಆನ್‌ಲೈನ್ ಸೇವೆ 2014ರ ಮೇ ತಿಂಗಳಲ್ಲಿ ನಿಂತಿತು, ತ್ರೀಡಿಎಸ್‌ನದು 2024ರ ಏಪ್ರಿಲ್‌ನಲ್ಲಿ. ಅಕ್ಕಪಕ್ಕ ಕೂತು ತ್ರೀಡಿಎಸ್‌ಗಳನ್ನು ಜೋಡಿಸಿ ಆಡುವವರು ಮಾತ್ರ ಈಗ ಒಬ್ಬರ ಊರಿಗೊಬ್ಬರು ಬರಲು ಸಾಧ್ಯ. ಬರುವವರಿಗೆ ಹೂತೋಟದಲ್ಲಿ ಓಡಬೇಡಿ ಎಂದು ಬಾಯಿಬಿಟ್ಟು ಹೇಳಿದರೂ ಮರೆಯುತ್ತಾರೆ, ರೈಲು ನಿಲ್ದಾಣದಿಂದಲೇ ಅಗಲವಾದ ದಾರಿಯೊಂದು ಶುರುವಾಗಿದ್ದರೆ ಹೇಳದೆಯೂ ಅದರ ಮೇಲೆ ನಡೆಯುತ್ತಾರೆ.

ಹೊಸ ಊರು ಶುರುಮಾಡುವವರಿಗೆ

ನ್ಯೂ ಲೀಫ್‌ನ ಮೊದಲಲ್ಲೇ ರೈಲಿನಲ್ಲಿ ಬೆಕ್ಕು ರೋವರ್ ನಾಲ್ಕು ನಕ್ಷೆ ತೋರಿಸಿ ಒಂದನ್ನು ಆರಿಸಲು ಹೇಳುತ್ತಾನೆ. ಹೆಚ್ಚಿನವರು ನದಿಯ ಆಕಾರ ನೋಡಿ ಆರಿಸುತ್ತಾರೆ. ನೀವು ದೋಣಿಕಟ್ಟೆಗೂ ರೀ-ಟೇಲ್‌ಗೂ ಎಷ್ಟು ದೂರ, ನಡುವೆ ನದಿ ಅಡ್ಡ ಬರುತ್ತದೆಯೇ, ನಿಲ್ದಾಣದಿಂದ ಊರ ನಡುವಿಗೆ ನೇರ ದಾರಿ ಸಿಗುತ್ತದೆಯೇ ಎಂದು ನೋಡಿ. ಇವು ಹತ್ತಿರವಿದ್ದ ನಕ್ಷೆಯಲ್ಲಿ ಹುಲ್ಲಿನ ಅರ್ಧ ತಾಪತ್ರಯ ಮೊದಲ ದಿನವೇ ಮುಗಿದಿರುತ್ತದೆ. ಮನೆಯನ್ನು ರೀ-ಟೇಲ್ ಬಳಿ, ಆದರೆ ಅದಕ್ಕೆ ತೀರ ಅಂಟಿಕೊಳ್ಳದಂತೆ ಕಟ್ಟಿ, ಮುಂದೆ ಮನೆ ದೊಡ್ಡದಾದಾಗ ನಡುವೆ ದಾರಿಗೆ ಜಾಗ ಬೇಕು. ಇದ್ದ ಸೇತುವೆಯೂ ಸೇರಿ ಒಟ್ಟು ಮೂರು ಸೇತುವೆಗಳಿಗೆ ಅವಕಾಶವಿದೆ. ಎರಡನೆಯದನ್ನು ನೀವು ಅತಿ ಹೆಚ್ಚು ಓಡಾಡುವ ಗೆರೆಯ ಮೇಲೆಯೇ ಹಾಕಿಸಿ, ಆಗ ಒಂದೇ ಸೇತುವೆಯ ಬಾಯಿಗೆ ಬೀಳುವ ಹೊರೆ ಇಬ್ಭಾಗವಾಗುತ್ತದೆ.

ಸಿಟಿ ಫೋಕ್‌ನಲ್ಲಿ ಇಷ್ಟೊಂದು ಆಯ್ಕೆಗಳಿಲ್ಲ. ಊರಿನ ನಿಧಿಗೆ ದೇಣಿಗೆ ಕೊಡುತ್ತ ಹೋದರೆ ಹೆಚ್ಚುವರಿ ಸೇತುವೆಯೊಂದು ಬರುತ್ತದೆ, ಸಾಲ ತೀರಿದ ಮೇಲೆ ಕೈಯಲ್ಲುಳಿದ ದುಡ್ಡನ್ನು ಮೊದಲು ಅಲ್ಲಿಗೆ ಹಾಕಿ.

ಊರು ಈಗಾಗಲೇ ಪೂರ್ತಿ ಬೋಳಾಗಿದ್ದರೆ

ಯಂತ್ರದ ಗಡಿಯಾರವನ್ನು ಮುಂದಕ್ಕೆ ತಿರುಗಿಸಿ ಹುಲ್ಲು ಬೆಳೆಸುವ ಯೋಚನೆ ಬಂದೇ ಬರುತ್ತದೆ. ನನಗೆ ಅದು ಒಗ್ಗದು. ಅಷ್ಟು ದಿನದ ಕಳೆ ಒಟ್ಟಿಗೆ ಎದ್ದು ನಿಲ್ಲುತ್ತದೆ, ನೀರಿಲ್ಲದ ಹೂಗಳು ಬಾಡುತ್ತವೆ, ಕೂಡಿಟ್ಟ ಟರ್ನಿಪ್‌ಗಳು ಕೊಳೆಯುತ್ತವೆ, ಪ್ರೀತಿಯ ನೆರೆಯವನೊಬ್ಬ ಊರು ಬಿಟ್ಟಿರಲೂಬಹುದು. ಆ ಕಳೆಯನ್ನೆಲ್ಲ ಕೀಳಲು ಮತ್ತೆ ಇಡೀ ಊರು ಸುತ್ತಬೇಕು.

ಅದರ ಬದಲು ಊರನ್ನು ನದಿ ಮತ್ತು ಸೇತುವೆಗಳ ಲೆಕ್ಕದಲ್ಲಿ ನಾಲ್ಕು ಭಾಗ ಮಾಡಿಕೊಳ್ಳಿ. ಅಂಗಡಿಯಿಲ್ಲದ, ಓಡಾಟ ಅತಿ ಕಡಿಮೆಯಿರುವ ಭಾಗದಿಂದ ಆರಂಭಿಸಿ, ಏಕೆಂದರೆ ಅದಕ್ಕೆ ವಿಶ್ರಾಂತಿ ಕೊಡುವುದು ಸುಲಭ ಮತ್ತು ಫಲ ಮೊದಲು ಕಾಣುವುದೂ ಅಲ್ಲೇ. ಒಂದು ದಾರಿ ಹಾಸಿ, ಉಳಿದದ್ದಕ್ಕೆ ಹೂ ಮತ್ತು ಸಸಿ ಹಚ್ಚಿ, ಪ್ರವೇಶದ ಕಡೆ ಗುಂಡಿ ತೋಡಿ ಓಡಾಟ ತಡೆದುಬಿಡಿ. ಅಲ್ಲಿ ವಾಸಿಸುವ ಪ್ರಾಣಿಗಳನ್ನು ಮಾತಾಡಿಸಲು ಮಾತ್ರ ಹೋಗಿ, ದಾರಿಯ ಮೇಲೆಯೇ. ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ನಿಂತು ಒಂದು ಚಿತ್ರ ತೆಗೆದಿಡಿ. ನ್ಯೂ ಲೀಫ್‌ನಲ್ಲಿ ಎಲ್ ಮತ್ತು ಆರ್ ಬಟನ್ ಒಟ್ಟಿಗೆ ಒತ್ತಿದರೆ ಸಾಕು, ವೀ ಆಟಗಾರರು ಟಿವಿ ಪರದೆಯನ್ನೇ ಫೋನಿನಲ್ಲಿ ಸೆರೆಹಿಡಿಯಬಹುದು. ದಿನದಿನಕ್ಕೆ ಕಾಣದ ಬದಲಾವಣೆ ಎರಡು ಚಿತ್ರ ಪಕ್ಕಪಕ್ಕ ಇಟ್ಟಾಗ ಕಾಣುತ್ತದೆ. ಮೊದಲ ಭಾಗದಲ್ಲಿ ಮಣ್ಣಿನ ಚುಕ್ಕೆಗಳು ಬಿಡಿಬಿಡಿಯಾಗತೊಡಗಿದಾಗ ಎರಡನೆಯ ಭಾಗಕ್ಕೆ ಹೋಗಿ. ಅಂಗಡಿ, ಸೇತುವೆ, ಮನೆ ಇರುವ ಭಾಗವನ್ನು ಕಟ್ಟಕಡೆಗೆ ಇಟ್ಟುಕೊಳ್ಳಿ, ಅಲ್ಲಿ ಹುಲ್ಲಿಗಿಂತ ದಾರಿಯೇ ಹೆಚ್ಚು ಜಾಗ ಹಿಡಿಯುತ್ತದೆ.